ಮೊದಲು ಉಡುವವಳು

ನಮ್ಮೂರಿನಲ್ಲಿ ಕದ್ದ ಅಂಗಿಯನ್ನು ಪತ್ತೆ ಹಚ್ಚುವುದು ಬಹಳ ಸುಲಭ. ಒಮ್ಮೆ ಕ್ಷೌರದಂಗಡಿಯ ಮಲ್ಲೇಶಿಯ ಅಂಗಿ ತಂತಿಯ ಮೇಲಿಂದ ಮಾಯವಾಯಿತು. ಮರುದಿನ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒಬ್ಬ ಅಪರಿಚಿತ, ಪಕ್ಕದಲ್ಲಿ ಕೂತವರ ಗದ್ದ ಹಿಡಿದು ಅವರ ಮುಖವನ್ನು ಬೆಳಕಿನ ಕಡೆ ತಿರುಗಿಸುತ್ತಿದ್ದ. ಅಲ್ಲಿಗೆ ಅವನ ಕತೆ ಮುಗಿಯಿತು. ಮಲ್ಲೇಶಿ ಅಂಗಿ ಬಿಚ್ಚಿಸಿಕೊಂಡು ಹೋದ ಮೇಲೆ ಪಾಪ, ಆ ಮನುಷ್ಯ ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತ ಕೂತಿದ್ದನಂತೆ.

ಬಟ್ಟೆ ಮೊದಲು ಯಾರ ಮೈಮೇಲೆ ಮೂರು ಹಗಲು ಇರುತ್ತದೋ ಅವರ ರೂಢಿಯನ್ನು ಕಲಿತುಬಿಡುತ್ತದೆ. ಆಮೇಲೆ ಎಷ್ಟು ಒಗೆದರೂ ಮರೆಯುವುದಿಲ್ಲ. ಅದನ್ನು ತೊಟ್ಟಿರುವಷ್ಟು ಹೊತ್ತು ಯಾರೇ ಆಗಲಿ ಆ ಮೊದಲಿನವರ ಹಾಗೆಯೇ ನಡೆಯುತ್ತಾರೆ, ನಗುತ್ತಾರೆ, ಕೈ ಆಡಿಸುತ್ತಾರೆ. ಹೀಗಾಗಿ ನಮ್ಮಲ್ಲಿ ಮರ್ಯಾದಸ್ಥರು ಯಾರೂ ನಾಲ್ಕು ಜನರೆದುರು ತೊಡುವ ಹೊಸ ಬಟ್ಟೆಯನ್ನು ತಾವೇ ಮೊದಲು ಉಡುವುದಿಲ್ಲ. ಏನು ಹೇಳುವುದಕ್ಕೆ ಬರುತ್ತದೆ, ನಮ್ಮಲ್ಲಿರುವ ಯಾವ ಕೆಟ್ಟ ಚಾಳಿ ಅದಕ್ಕೆ ಅಂಟಿ ಜೀವಮಾನವಿಡೀ ಉಳಿದುಬಿಡುತ್ತದೋ! ಅದಕ್ಕೇ ದೊಡ್ಡ ದರ್ಜಿ ಅಂಗಡಿಗಳಲ್ಲಿ ಮೊದಲು ಉಡುವವರು ಇರುತ್ತಾರೆ. ಬೆನ್ನು ನೆಟ್ಟಗಿದ್ದು, ನಡಿಗೆ ಚೆಂದವಿದ್ದು, ಬಾಯಿಬಡುಕತನ ಇಲ್ಲದವರು. ಅವರು ಪರದೆಯ ಹಿಂದೆ ಮೂರು ಹಗಲು ಬಟ್ಟೆಯನ್ನು ತೊಟ್ಟು ಪಳಗಿಸಿದ ಮೇಲೆ ಅದು ಗಿರಾಕಿಯ ಕೈ ಸೇರುತ್ತದೆ. ಅವರು ಯಾರು ಎಂದು ಕೇಳಬಾರದು, ಅಂಗಡಿಯವರು ಹೇಳಬಾರದು. ಅದು ವಾಡಿಕೆ.

ನನ್ನವ್ವ ತಂಗೆವ್ವ ಮೂವತ್ತು ವರ್ಷ ಶಂಭುಲಿಂಗ ಮಾಸ್ತರರ ಅಂಗಡಿಯಲ್ಲಿ ಮೊದಲು ಉಡುವವಳಾಗಿದ್ದಳು. ಮಾಸ್ತರರು ಊರಿಗೇ ಹಿರಿಯ ದರ್ಜಿ. ಮದುವೆ ಹೆಣ್ಣಿನ ಕುಪ್ಪಸ, ದಾವಣಿ, ಸೀರೆ ಎಲ್ಲ ಅವರಲ್ಲಿಂದಲೇ ಬರಬೇಕು.

ನಾನು ನೀಲಾಂಬಿಕಾ. ವಯಸ್ಸು ಇಪ್ಪತ್ತಾರು. ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಬಟ್ಟೆ ಕತ್ತರಿಸುವವರು ಇನ್ನೊಬ್ಬರಿಲ್ಲ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ, ಬೇರೆ ಯಾರಾದರೂ ಹೇಳಲಿ ಎಂದು ಬಹಳ ದಿನ ಕಾದು ಸಾಕಾಗಿ ಹೇಳುತ್ತಿದ್ದೇನೆ.

ಚಿಕ್ಕಂದಿನಲ್ಲಿ ನನಗೆ ನನ್ನವ್ವ ಹೇಗಿದ್ದಾಳೆ ಎಂದು ಗೊತ್ತಿರಲಿಲ್ಲ. ಮುಖ ಗೊತ್ತಿತ್ತು, ಅವಳು ಗೊತ್ತಿರಲಿಲ್ಲ. ಯಾಕೆಂದರೆ ಹಗಲೆಲ್ಲ ಅವಳು ಪರದೆಯ ಹಿಂದೆ ಇರುತ್ತಿದ್ದಳು. ಸಂಜೆ ಮನೆಗೆ ಬರುವಾಗ ತೊಟ್ಟಿರುತ್ತಿದ್ದದ್ದು ಯಾರೋ ಮನೆಯೊಳಗೆ ತಾವೇ ಮೊದಲು ಉಟ್ಟು ಸವೆಸಿ ಕೊಟ್ಟ ಹಳೇ ಬಟ್ಟೆ. ಸೋಮವಾರ ಎಣ್ಣೆ ಗಾಣದವರ ಸೊಸೆಯ ಸೀರೆ ಉಟ್ಟರೆ ಅವ್ವ ಕೂತಲ್ಲೇ ತೂಕಡಿಸುತ್ತಿದ್ದಳು. ಬುಧವಾರ ಕನ್ಯಾ ಶಾಲೆಯ ರುದ್ರಮ್ಮ ಅಕ್ಕೋರ ಕುಪ್ಪಸ ತೊಟ್ಟರೆ ನನ್ನತ್ತ ತೋರುಬೆರಳು ಅಲ್ಲಾಡಿಸಿ ಮಗ್ಗಿ ಹೇಳಿಸುತ್ತಿದ್ದಳು. ನನ್ನವ್ವನಿಗೆ ಹನ್ನೆರಡರ ಮಗ್ಗಿ ಬರುತ್ತಿರಲಿಲ್ಲ, ಬೆರಳು ಮಾತ್ರ ಅಲ್ಲಾಡುತ್ತಿತ್ತು. ನಾನು ತಪ್ಪು ಹೇಳಿದರೂ ನಡೆಯುತ್ತಿತ್ತು. ಶಾಲೆಯಿಂದ ಬಂದವಳೇ ನಾನು ಮೊದಲು ನೋಡುತ್ತಿದ್ದದ್ದು ಅವ್ವನ ಮುಖವನ್ನಲ್ಲ, ಮೈಮೇಲಿನ ಬಟ್ಟೆಯನ್ನು. ಇವತ್ತು ಮುದ್ದು ಮಾಡಿಸಿಕೊಳ್ಳಬಹುದೋ, ದೂರ ಇರಬೇಕೋ ಎಂದು ಅದರ ಮೇಲೆಯೇ ಲೆಕ್ಕ ಹಾಕಬೇಕಿತ್ತು.

ಒಂಬತ್ತನೇ ವಯಸ್ಸಿನಲ್ಲಿ ಒಂದು ದಿನ ಬುತ್ತಿ ಕೊಡಲು ಅಂಗಡಿಗೆ ಹೋದೆ. ಗಾಳಿಗೆ ಪರದೆ ಸರಿಯಿತು. ಅವ್ವ ಯಾರದೋ ಮದುವೆಯ ಹಳದಿ ರೇಷ್ಮೆ ಕುಪ್ಪಸ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ಎಡಗೈಯಿಂದ ಕಿವಿಯ ಹಾಲೆ ಮುಟ್ಟಿಕೊಂಡು, ಗದ್ದವನ್ನು ಒಂಚೂರು ಮೇಲೆತ್ತಿ, ಸದ್ದಿಲ್ಲದೆ ನಕ್ಕಳು. ಆ ನಗೆಯನ್ನು ನಾನು ಹಿಂದಿನ ವಾರವೇ ನೋಡಿದ್ದೆ, ಮದುವೆ ಚಪ್ಪರದಲ್ಲಿ ಹೆಣ್ಣಿನ ಮುಖದ ಮೇಲೆ. ಅದಕ್ಕೂ ಹಿಂದಿನ ಮದುವೆಯಲ್ಲೂ ನೋಡಿದ್ದೆ. ಊರಿನ ಎಲ್ಲ ಮದುವೆ ಹೆಣ್ಣುಗಳೂ ಹಾರ ಹಾಕುವ ಮೊದಲು ಹಾಗೆಯೇ ಕಿವಿ ಮುಟ್ಟಿ ನಗುತ್ತಿದ್ದರು. ಬಟ್ಟೆಯ ಗುಣ ಗೊತ್ತಿದ್ದೂ, ಮದುವೆ ಹೆಣ್ಣು ಎಂದರೆ ಹಾಗೆಯೇ ನಗುವುದು ಎಂದು ಊರೆಲ್ಲ ತಿಳಿದುಕೊಂಡಿತ್ತು. ಅದು ನನ್ನವ್ವನ ನಗೆ. ಬೇರೆಯವರ ಮನೆಯ ಮದುವೆ ಊಟಕ್ಕೆ ಹೋದಾಗ ಮಾತ್ರ ನಾನು ನನ್ನವ್ವನನ್ನು ನೋಡುತ್ತಿದ್ದೆ ಎಂದು ಆ ದಿನ ತಿಳಿಯಿತು. ಮನೆಗೆ ಹೋಗಿ ಅತ್ತೆ. ಯಾಕೆ ಎಂದು ಅವ್ವ ಕೇಳಿದಳು, ಆದರೆ ಆಗ ಅವಳು ಗಾಣದವರ ಸೊಸೆಯಾಗಿದ್ದಳು, ಉತ್ತರ ಬರುವಷ್ಟರಲ್ಲಿ ನಿದ್ದೆ ಹೋದಳು.

ನಾನು ದರ್ಜಿಯಾಗಬೇಕೆಂದು ಹಟ ಹಿಡಿದದ್ದು ಆವತ್ತಿನಿಂದ. ಹದಿನಾಲ್ಕಕ್ಕೆ ಮಾಸ್ತರರ ಕೈಕೆಳಗೆ ಸೇರಿದೆ. ಕಾಜಾ ಹೊಲಿದೆ, ಗುಂಡಿ ಹಚ್ಚಿದೆ, ಹತ್ತು ವರ್ಷ ಅವರ ಕತ್ತರಿಯ ಹಾದಿಯನ್ನು ನೋಡಿದೆ. ಅವರ ಕೈ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಮೊದಲು ಕತ್ತರಿಸಿ ಆಮೇಲೆ ಉಡಿಸುತ್ತಾರೆ. ನಾನು ತಿರುವುಮುರುವು ಮಾಡಿದೆ. ಕೋರಾ ಬಟ್ಟೆಯನ್ನು ಕತ್ತರಿಸದೆ ಹಾಗೆಯೇ ಗಿರಾಕಿಗೆ ಕೊಟ್ಟು, ಮೂರು ಹಗಲು ಸುತ್ತಿಕೊಂಡು ನಿಮ್ಮ ಕೆಲಸ ನೀವು ಮಾಡಿ ಎನ್ನುತ್ತೇನೆ. ಬಟ್ಟೆ ಎಲ್ಲಿ ಜಗ್ಗಿತು, ಎಲ್ಲಿ ಮಡಿಕೆ ಬಿತ್ತು, ಮೊಣಕೈ ಎಲ್ಲಿ ಉಜ್ಜಿತು, ಎಲ್ಲ ಅದರ ಮೇಲೆ ಬರೆದ ಹಾಗೆ ಮೂಡಿರುತ್ತದೆ. ಆ ಗುರುತಿನ ಮೇಲೆ ಕತ್ತರಿ ಆಡಿಸುತ್ತೇನೆ. ಉಡುವವರೇ ಮೊದಲು ಉಡುವವರು.

ಹೀಗೆ ಮೊದಲು ಹೊಲಿದದ್ದು ಬಳೆ ಮಾರುವ ಅಮೀನಾಬಿಗೆ. ಅವಳು ಯಾವಾಗಲೂ ಎಡಗಡೆಗೆ ವಾಲಿ ನಡೆಯುತ್ತಾಳೆ, ಬಳೆಯ ಮಲಾರ ಆ ಹೆಗಲಿಗೇ ಇರುವುದರಿಂದ. ನಾನು ಆ ಹೆಗಲನ್ನು ಎರಡು ಬೆರಳು ಅಗಲ ಬಿಟ್ಟು, ಬಲ ಪಕ್ಕದಲ್ಲಿ ನೆರಿಗೆ ಕೂಡಿಸಿದೆ. ತೊಟ್ಟವಳು ಓಣಿಯ ತುದಿಯವರೆಗೂ ಹೋಗಿ ತಿರುಗಿ ಬಂದು, "ಇದು ನನ್ನನ್ನ ಜಗ್ಗಂಗಿಲ್ಲಲ್ಲೇ ನೀಲಿ! ನಾ ಹೋದ ಕಡೆ ತಾನೂ ಬರ್ತೈತಿ," ಎಂದಳು. ಅಷ್ಟು ಸಾಕಾಗಿತ್ತು ನನಗೆ.

ನಮ್ಮೂರಿನಲ್ಲಿ ಸ್ವಂತ ಅಂಗಡಿ ತೆರೆಯಬೇಕಾದರೆ ಪೇಟೆ ನಡಿಗೆ ಗೆಲ್ಲಬೇಕು. ತಾನು ಹೊಲಿದ ಒಂದು ಉಡುಪನ್ನು ಯಾರಿಗಾದರೂ ತೊಡಿಸಿ ಗಡಿಯಾರದ ಕಂಬದಿಂದ ಸಿಹಿನೀರ ಬಾವಿಯವರೆಗೆ ನಡೆಸಬೇಕು. ಬಾವಿ ಮುಟ್ಟುವಷ್ಟರಲ್ಲಿ ಜನರ ನಡುವಿನಿಂದ ಒಬ್ಬರಾದರೂ ಎದ್ದು "ನನಗೂ ಒಂದು" ಎನ್ನಬೇಕು. ಎನ್ನಲಿಲ್ಲವೋ, ಏಳು ವರ್ಷ ಕತ್ತರಿ ಮುಟ್ಟುವಂತಿಲ್ಲ. ನಾನು ಹೆಸರು ಬರೆಸಿದೆ. ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು.

"ಯಾರು ಪಳಗಸ್ತಾರ ನಿನ್ನ ಬಟ್ಟಿ?"

"ಯಾರೂ ಇಲ್ರಿ. ಯಾರು ನಡೀತಾರೋ ಅವ್ರ ಮೊದ್ಲು ಉಡೂದು."

"ಮಂದಿ ತಮ್ಮ ಚಾಳಿ ತಾವ ನೋಡಾಕ ಪೇಟಿಗಿ ಬರ್ತಾರೇನು? ಹುಚ್ಚಿ. ಯಾರನ್ನ ನಡಸ್ತಿ?"

"ನಮ್ಮವ್ವನ್ನ."

ಮಾಸ್ತರರ ಮುಖ ಸಣ್ಣದಾಯಿತು. ಅದಕ್ಕೆ ಕಾರಣವಿತ್ತು. ಎರಡು ವರ್ಷದಿಂದ ಅವ್ವನ ಬಲಮೊಣಕಾಲು ಹಿಡಿದುಕೊಂಡಿತ್ತು. ಅವಳು ಎಷ್ಟು ಬಿಗಿಹಿಡಿದು ನಡೆದರೂ ಆ ವರ್ಷದ ಐದು ಮದುವೆ ಹೆಣ್ಣುಗಳು ಚಪ್ಪರಕ್ಕೆ ಕುಂಟುತ್ತಲೇ ಬಂದರು. ಗಂಡಿನ ಕಡೆಯವರು ಕಾಲು ಪರೀಕ್ಷೆ ಮಾಡಿಸುವ ತನಕ ಹೋಗಿತ್ತು ಮಾತು. ಮಾಸ್ತರರು ಆ ತಿಂಗಳಷ್ಟೇ ಅವ್ವನನ್ನು ಮನೆಗೆ ಕಳಿಸಿದ್ದರು. ಕೆಟ್ಟವರಲ್ಲ ಅವರು, ಕಳಿಸುವಾಗ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಆದರೂ ಕಳಿಸಿದರು.

ಅವ್ವನನ್ನು ಒಪ್ಪಿಸುವುದು ಮಾಸ್ತರರ ಮುಂದೆ ನಿಲ್ಲುವುದಕ್ಕಿಂತ ಕಷ್ಟವಾಯಿತು.

"ನಂದಂತ ಏನೈತಿ ತೋರಸಾಕ?" ಎಂದಳು. "ಮುಂಜಾನಿ ಮಂದಿ ಸಲುವಾಗಿ ನಿಂತೆ. ಸಂಜಿಗಿ ಮಂದಿ ಬಟ್ಟಿ ಹಾಕ್ಕೊಂಡು ಮಂದಿ ಆದೆ. ಮೂವತ್ತು ವರ್ಷ ಆತು. ಒಳಗ ಯಾರೂ ಇಲ್ಲದಿದ್ರ ಏನ್ ಮಾಡ್ತಿ ನೀಲಿ? ಪೇಟ್ಯಾಗ ಬಟ್ಟಿ ಒಂದ ನಡಕೋತ ಹೋಗ್ತೈತಿ."

ಅವಳು ನಗೆಚಾಟಿಕೆಗೆ ಹೇಳಲಿಲ್ಲ. ನಿಜವಾಗಿಯೂ ಹೆದರಿದ್ದಳು. ನನಗೆ ಅಂಗಡಿ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಅವಳೊಳಗೆ ಅವಳಿದ್ದಾಳೆ ಎಂದು ಅವಳಿಗೇ ತೋರಿಸಬೇಕಿತ್ತು.

ನಡಿಗೆಗೆ ನಾಲ್ಕು ದಿನ ಇರುವಾಗ ಅವಳ ಮೈಗೆ ಕೋರಾ ಬಟ್ಟೆ ಸುತ್ತಿದೆ. ಮೂರು ಹಗಲು ರೊಟ್ಟಿ ಬಡಿ, ನೀರು ತಾ, ಓಣಿಯವರ ಜೊತೆ ಮಾತಾಡು ಎಂದೆ. ಮೂರನೆಯ ಹಗಲು ಮುಗಿದ ಮೇಲೆ ಬಿಚ್ಚಿ ನೆಲದ ಮೇಲೆ ಹಾಸಿದೆ. ಬಲ ಮೊಣಕೈಯ ಹತ್ತಿರ ಚೂಪಾದ ಮಡಿಕೆ, ಬೆರಳು ಎತ್ತಿ ಎತ್ತಿ ಬಿದ್ದದ್ದು. ಸೊಂಟದ ಮೇಲೆ ಕೈ ಇಟ್ಟು ನಿಂತ ಗುರುತು. ಇದು ಅವ್ವ ಅಲ್ಲ. ಇದು ಮಗ್ಗಿ ಹೇಳಿಸುವ ರುದ್ರಮ್ಮ ಅಕ್ಕೋರು.

ಅವ್ವನಿಗೆ ಓದು ಬಾರದಿದ್ದರೂ ಬಟ್ಟೆ ಓದಲು ಬರುತ್ತದೆ. ಬಗ್ಗಿ ನೋಡಿದಳು. "ನಾ ಹೇಳಿದ್ನಿಲ್ಲೋ," ಎಂದು ಗೋಡೆಗೆ ಒರಗಿ ಕೂತಳು. ಅಷ್ಟು ಸಣ್ಣ ದನಿಯನ್ನು ನಾನು ಅವಳಿಂದ ಕೇಳಿರಲಿಲ್ಲ.

ಅವಳು ಕೂತಾಗ ಸೆರಗು ಜಾರಿತು, ಒಳಗಿನ ಕುಪ್ಪಸ ಕಂಡಿತು. ಹಸಿರು ಅಂಚಿನ ಹಳೇ ಕುಪ್ಪಸ. ಅಕ್ಕೋರದ್ದು. ನಾನು ತಲೆ ತಲೆ ಚಚ್ಚಿಕೊಂಡೆ. ಅಂಗಡಿಯಲ್ಲಿ ಮೊದಲು ಉಡುವವರ ಮೈಮೇಲೆ ಬೇರೆ ಒಂದು ಎಳೆ ನೂಲೂ ಇರಬಾರದು, ಅದು ಮೊದಲ ಪಾಠ. ಅದು ಪರದೆಯ ಹಿಂದಿನ ನಿಯಮ, ಓಣಿಯಲ್ಲಿ ಓಡಾಡುವಾಗಲೂ ಬೇಕೆಂದು ಅವ್ವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೂರು ಹಗಲೂ ಅವ್ವ ಒಳಗೆ ಅಕ್ಕೋರನ್ನು ತೊಟ್ಟುಕೊಂಡೇ ರೊಟ್ಟಿ ಬಡಿದಿದ್ದಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಮಾಡಿದ ತಪ್ಪು ಇದು.

"ತಪ್ಪು ನಂದವ್ವಾ, ನಿಂದಲ್ಲ," ಎಂದೆ. ಅವಳು ನಂಬಲಿಲ್ಲ. ನಡಿಗೆಗೆ ಒಂದೇ ದಿನ ಉಳಿದಿತ್ತು. ಹೊಸದಾಗಿ ಮೂರು ಹಗಲು ಎಲ್ಲಿಂದ ತರುವುದು?

ಮರುದಿನ ಬೆಳಿಗ್ಗೆ ಹಾಸಿಗೆ ಮಡಿಚುವಾಗ ನನ್ನ ಕೈ ಕೌದಿಯ ಮೇಲೆ ನಿಂತಿತು. ನಾನು ಹುಟ್ಟಿದಾಗಿನಿಂದ ಹೊದ್ದುಕೊಂಡ ಕೌದಿ ಅದು. ಮದುವೆಯ ಕುಪ್ಪಸ ಮೂರು ಹಗಲು ಪಳಗಿದ ಮೇಲೆ ಮಾಸ್ತರರು ಹೆಣ್ಣಿನ ಅಳತೆಗೆ ಅಂಚು ಕತ್ತರಿಸುತ್ತಾರೆ. ಆ ತುಂಡುಗಳು ಮೊದಲು ಉಟ್ಟವಳಿಗೆ ಸೇರಬೇಕು. ಅವ್ವ ವರ್ಷ ವರ್ಷ ಆ ತುಂಡುಗಳನ್ನು ಜೋಡಿಸಿ ಜೋಡಿಸಿ ಕೌದಿ ಬೆಳೆಸಿದ್ದಳು. ನಡುವಿನಲ್ಲಿ ಮೊದಲ ವರ್ಷದ ಹಳದಿ, ಸುತ್ತ ಕೆಂಪು, ಊದಾ, ಗಿಳಿಹಸಿರು, ತುದಿಯಲ್ಲಿ ಕೊನೆಯ ಎರಡು ವರ್ಷದ ಕಂದು ರೇಷ್ಮೆ. ಒಂದೊಂದು ತುಂಡೂ ಮೂರು ಹಗಲು ಅವಳ ಮೈಮೇಲೆ ಇದ್ದದ್ದು, ನಡುವೆ ಬೇರೆ ಎಳೆಯಿಲ್ಲದೆ. ನಾನು ಇಪ್ಪತ್ತಾರು ವರ್ಷ ಹೊದ್ದು ಮಲಗಿದ್ದದ್ದು ನನ್ನವ್ವನನ್ನೇ.

ಕತ್ತರಿ ತೆಗೆದುಕೊಂಡೆ. ಅವ್ವ ಅಡ್ಡ ಬಂದಳು. "ಬ್ಯಾಡ. ಇರೂದ ಅದೊಂದು." ಕಾರಣ ಹೇಳಿದೆ. ಆಮೇಲೆ ತುದಿಯ ಕಂದು ತುಂಡುಗಳ ಮೇಲೆ ಕೈಯಿಟ್ಟಳು. "ಹಂಗಾರ ಇವನ್ನ ಬಿಡು. ಇವು ಕುಂಟು ಬಟ್ಟಿ. ಮಂದಿ ನಗ್ತಾರ."

"ಅವೂ ನೀನ ಅಲ್ಲೇನಬೇ?" ಎಂದೆ. "ಹಳದಿ ಅಷ್ಟ ಹಾಕಿದ್ರ ನಾನೂ ಮಾಸ್ತರ ಆದ್ನಿ."

ಇಡೀ ಹಗಲು ಕೂತು ಹೊಲಿದೆ. ಹೆಗಲಿಗೆ ಹಳದಿ, ತೋಳಿಗೆ ಕೆಂಪು ಮತ್ತು ಊದಾ, ಬೆನ್ನಿಗೆ ಹಸಿರು, ಮೊಣಕಾಲಿನ ಕೆಳಗೆ ಬೀಳುವ ಘೇರಿಗೆ ಕಂದು. ಅಂಚಿಗೆ ಬರಿಯ ಕಪ್ಪು ದಾರದ ದೊಡ್ಡ ದೊಡ್ಡ ಹೊಲಿಗೆ, ಮರೆಮಾಚದ ಹಾಗೆ. ಪಾದದ ತನಕ ಬರುವ ನಿಲುವಂಗಿ. ಒಳಗೆ ತೊಡಲು, ಯಾರೂ ಉಡದೆ ಉಳಿದಿದ್ದ ಬೇರೆ ಕೋರಾ ತುಂಡಿನಲ್ಲಿ ಒಂದು ಲಂಗ, ಒಂದು ಒಳಂಗಿ. ಈ ಸಲ ಅವಳನ್ನು ಎರಡೆರಡು ಬಾರಿ ಪರೀಕ್ಷೆ ಮಾಡಿದೆ.

ಬೆಳಿಗ್ಗೆ ಗಡಿಯಾರದ ಕಂಬದ ಹತ್ತಿರ ಪೇಟೆಯೆಲ್ಲ ಸೇರಿತ್ತು. ಎರಡೂ ಬದಿಗೆ ಹೆಂಗಸರು ಚಾಪೆ ಹಾಸಿ ಕೂತಿದ್ದರು. ಬಾವಿಯ ಕಟ್ಟೆಯ ಮೇಲೆ ಮಾಸ್ತರರು. ಅವ್ವ ಮೊದಲ ಹೆಜ್ಜೆ ಇಟ್ಟಳು, ಕುಂಟಿತು. ಎರಡನೆಯದು, ಅದೂ ಕುಂಟಿತು. ಯಾರೋ ಕಿಸಕ್ಕೆಂದರು. "ಇದೇನ ಹೊಸಾ ಫ್ಯಾಶನ್ನೇನ?" ಎಂದಿತು ಒಂದು ದನಿ. ನಾನು ತಲೆ ತಗ್ಗಿಸಲಿಲ್ಲ. ಆ ಘೇರನ್ನು ಕುಂಟುವ ಕಾಲಿಗೆಂದೇ ಕತ್ತರಿಸಿದ್ದೆ. ಕಾಲು ಎಳೆದಾಗಲೆಲ್ಲ ಕಂದು ರೇಷ್ಮೆ ಒಮ್ಮೆ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನಾಲ್ಕು ಹೆಜ್ಜೆಯಾದ ಮೇಲೆ ಜನ ಕಾಲನ್ನು ಬಿಟ್ಟು ಅದನ್ನೇ ನೋಡಲು ಶುರುಮಾಡಿದರು.

ಬಾಳೆಹಣ್ಣಿನ ಅಂಗಡಿಯ ಮುಂದೆ ಅವ್ವ ನಿಂತಳು. ಎಡಗೈ ಮೇಲೆದ್ದಿತು. ಕಿವಿಯ ಹಾಲೆ ಮುಟ್ಟಿತು. ಗದ್ದ ಒಂಚೂರು ಎತ್ತಿ, ಸದ್ದಿಲ್ಲದೆ ನಕ್ಕಳು.

ಚಾಪೆಯ ಮೇಲಿನ ಹೆಂಗಸರ ಕೈಗಳು ಒಂದೊಂದಾಗಿ ತಮ್ಮ ತಮ್ಮ ಕಿವಿಗೆ ಹೋದವು, ತಮಗೇ ಗೊತ್ತಿಲ್ಲದೆ. ಮೊದಲು ಎದ್ದು ನಿಂತವರು ರುದ್ರಮ್ಮ ಅಕ್ಕೋರು, ಬೆರಳು ಎತ್ತಿಕೊಂಡೇ.

"ಅದು ನನ್ನ ನಗಿ! ನನ್ನ ಮದುವಿ ದಿನ ನಾ ಹಂಗ ನಕ್ಕಿದ್ದು. ಫೋಟೋ ಐತಿ ನಮ್ಮನ್ಯಾಗ."

"ಅಲ್ಲ, ನಂದು!" ಎಂದರು ಗಾಣದವರ ಸೊಸೆ, ಪೂರ್ತಿ ಎಚ್ಚರಾಗಿ. "ನಂದೂ." "ನಂದೂ ಹಂಗ." ಗದ್ದಲವೆದ್ದಿತು. ಯಾರೋ ಕಳವು ಎಂಬ ಮಾತನ್ನೂ ಆಡಿದರು. ನಾನು ಬಾಯಿ ಹಾಕಬೇಕು ಎನ್ನುವಷ್ಟರಲ್ಲಿ ಅವ್ವ ತಾನೇ ಮಾತಾಡಿದಳು. ಅಷ್ಟು ಮಂದಿಯ ಮುಂದೆ ಅವಳು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ನಿಮ್ಮ ನಗಿ ನಾ ಯಾಕ ಕದೀಲಿ ತಂಗಿ? ನಿಮಗ ಅದನ್ನ ಕೊಟ್ಟಾಕಿನ ನಾನು. ಪರದೆ ಹಿಂದ ಮೂವತ್ತು ವರ್ಷ ನಿಂತಾಕಿ."

ಎಲ್ಲರೂ ಕಟ್ಟೆಯ ಕಡೆ ತಿರುಗಿದರು. ಮಾಸ್ತರರು ಹೇಳಬಾರದು, ಅದು ವಾಡಿಕೆ. ಅವರು ಕನ್ನಡಕ ತೆಗೆದರು, ಒರೆಸಿಕೊಂಡರು, ಮತ್ತೆ ಹಾಕಿಕೊಳ್ಳಲಿಲ್ಲ. "ಖರೇ ಐತಿ," ಎಂದರು. "ತಂಗೆವ್ವ ಇಲ್ಲದಿದ್ರ ನನ್ನ ಅಂಗಡಿ ಎಲ್ಲಿತ್ತು?"

ನಾನು ಆ ಮಾತಿಗೆ ಇವತ್ತಿಗೂ ಅವರಿಗೆ ಕೈಮುಗಿಯುತ್ತೇನೆ. ಆದರೆ ಅದರಿಂದ ನನಗೆ ಅಂಗಡಿ ಸಿಗುವುದಿಲ್ಲ. ಅವ್ವ ಮತ್ತೆ ನಡೆಯತೊಡಗಿದಳು. ಬಾವಿಗೆ ಹತ್ತು ಹೆಜ್ಜೆ ಉಳಿಯಿತು, ಆರು ಉಳಿಯಿತು, ಯಾರೂ ಏಳಲಿಲ್ಲ. ಹೆಂಗಸರು ತಮ್ಮ ತಮ್ಮ ಕಿವಿ ಹಿಡಿದುಕೊಂಡು ಕೂತಿದ್ದರು. ತಮ್ಮ ಬದುಕಿನ ಅತಿ ಚೆಂದದ ನಗೆ ತಮ್ಮದಲ್ಲ ಎಂದು ಗೊತ್ತಾದವರು ಪಾಪ, ಹೊಸ ಬಟ್ಟೆ ಕೇಳುವುದಾದರೂ ಹೇಗೆ?

ಎದ್ದದ್ದು ಅಕ್ಕೋರ ಮಗಳು ಕಸ್ತೂರಿ. ಬರುವ ತಿಂಗಳು ಅವಳ ಮದುವೆ. ಅವಳ ಕುಪ್ಪಸದ ಬಟ್ಟೆ ಆಗಲೇ ಮಾಸ್ತರರ ಕಪಾಟಿನಲ್ಲಿತ್ತು.

"ನನಗೂ ಒಂದು," ಎಂದಳು. "ನನಗ ತಂಗೆವ್ವನ ನಗಿ ಬ್ಯಾಡ. ನಂದು ಹೆಂಗೈತಿ ಅಂತ ನನಗ ಗೊತ್ತ ಇಲ್ಲ. ಅದನ್ನ ನೋಡಬೇಕು."

"ಛಲೋ ಇರದಿದ್ರ?" ಎಂದು ಅಕ್ಕೋರು ಮಗಳ ಕೈ ಹಿಡಿದು ಜಗ್ಗಿದರು.

"ಇರಲಿ ಬಿಡಬೇ, ನಂದರ ಇರ್ತೈತಿ."

ಅಷ್ಟರಲ್ಲಿ ಅವ್ವ ಬಾವಿಯ ಕಟ್ಟೆ ಮುಟ್ಟಿದ್ದಳು.

ಅಂಗಡಿಗೆ ಜಾಗ ಮಾಸ್ತರರ ಎದುರು ಬದಿಯಲ್ಲೇ ಸಿಕ್ಕಿತು. ಅವರು ಆಗಾಗ ಬಂದು, ಸುಮ್ಮನೆ ಚಹಕ್ಕೆ ಬಂದವರ ಹಾಗೆ ನನ್ನ ಕತ್ತರಿಯ ಹಾದಿ ನೋಡಿ ಹೋಗುತ್ತಾರೆ. ನನ್ನ ಅಂಗಡಿಯಲ್ಲಿ ಪರದೆ ಇಲ್ಲ. ಗಂಡಸರಿಗೂ ಹೊಲಿಯಬೇಕು, ಶಾಲೆಯ ಮಕ್ಕಳ ಸಮವಸ್ತ್ರ ಕೂಡ ಒಂದೊಂದು ಮಗುವಿಗೆ ಒಂದೊಂದು ಥರ ಕತ್ತರಿಸಬೇಕು ಎಂದೆಲ್ಲ ಆಸೆಯಿದೆ. ಪಕ್ಕದೂರಿನವರು ಈಗಾಗಲೇ ಕೇಳಿ ಹೋಗಿದ್ದಾರೆ. ಆಗುತ್ತದೆ, ನನಗೆ ಅನುಮಾನವಿಲ್ಲ.

ಕಸ್ತೂರಿ ನನ್ನ ಕೋರಾ ಬಟ್ಟೆ ಸುತ್ತಿಕೊಂಡು ಮೂರು ಹಗಲು ಓಡಾಡಿದಳು. ನಾನು ಅವಳಿಗೆ ಏನು ಹೊಲಿದೆ ಎಂಬುದನ್ನು ಹೇಳುವುದಿಲ್ಲ, ಬಂದು ನೋಡಬೇಕು. ಮದುವೆಯ ದಿನ ಅವ್ವ ನಿಲುವಂಗಿ ತೊಟ್ಟು ನನ್ನ ಜೊತೆ ಚಪ್ಪರದಲ್ಲಿ ಕೂತಿದ್ದಳು. ಇಷ್ಟು ವರ್ಷ ಅವಳು ಯಾವ ಮದುವೆಗೂ ಹೋಗಿರಲಿಲ್ಲ. ತನ್ನನ್ನು ತಾನೇ ನೋಡಲು ಯಾಕೆ ಹೋಗಬೇಕು ಎನ್ನುತ್ತಿದ್ದಳು. ಕಸ್ತೂರಿ ಹಾರ ಎತ್ತಿಕೊಂಡಳು. ಚಪ್ಪರದವರೆಲ್ಲ ರೂಢಿಯ ಮೇಲೆ ಅವಳ ಕಿವಿಯನ್ನೇ ನೋಡುತ್ತಿದ್ದರು. ಹಾರ ಮದುಮಗನ ಪೇಟಕ್ಕೆ ಸಿಕ್ಕಿಕೊಂಡಿತು. ಕಸ್ತೂರಿ ಒಮ್ಮೆ ತಡೆದುಕೊಂಡಳು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಮೂಗಿನಿಂದ ಗೊರ್ ಎಂದು ಸದ್ದು ಬರುವ ಹಾಗೆ, ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಅಕ್ಕೋರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮದುಮಗ ಅವಳನ್ನೇ ನೋಡುತ್ತ ನಿಂತ, ಆಮೇಲೆ ಅವನೂ ನಕ್ಕ.

ಅವ್ವ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣುಗಳು ತುಂಬಿದ್ದವು.

"ಇದು ನಂದಲ್ಲ, ನೀಲಿ," ಎಂದಳು. "ನೋಡ ನೋಡ, ಇದು ನಂದಲ್ಲ!"

ಎಡಗೈಯಿಂದ ಕಿವಿ ಮುಟ್ಟಿಕೊಂಡು, ಗದ್ದ ಎತ್ತಿ ನಕ್ಕಳು. ಆ ಚಪ್ಪರದಲ್ಲಿ ಹಾಗೆ ನಕ್ಕವಳು ಅವಳೊಬ್ಬಳೇ.